ಮೊದಲು ಪೆನ್, ಆಮೇಲೆ ಕಟರ್: ನಿಮ್ಮದೇ ಸಿಎನ್‌ಸಿ ಮೆಷಿನ್ ಕಟ್ಟುವುದು ಹೇಗೆ

"ನಾನೂ ಒಂದು ಸಿಎನ್‌ಸಿ ಮೆಷಿನ್ ಕಟ್ಟಬೇಕು, ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೇಳುವವರು ಮೋಟಾರ್ ಯಾವುದು, ಬೋರ್ಡ್ ಯಾವುದು ಅಂತ ಆಗಲೇ ಗೊತ್ತು ಮಾಡಿಕೊಂಡಿರುತ್ತಾರೆ. ಫ್ರೇಮ್ ಏನು ಮಾಡ್ತೀರಿ ಅಂದರೆ ಮಾತ್ರ "ಏನೋ ಒಂದು ಮಾಡ್ಕೊಂಡ್ರಾಯ್ತು" ಅನ್ನುತ್ತಾರೆ. ಮೆಷಿನ್ ಕೈಕೊಡುವುದು ಆ "ಏನೋ ಒಂದರ" ಕಡೆಯಿಂದಲೇ.

ಎಲ್ಲರಿಗೂ ನನ್ನ ಉತ್ತರ ಒಂದೇ. ಕಂಪ್ಯೂಟರ್ ಹೇಳಿದ ಹಾಗೆ ಮೂರು ದಿಕ್ಕಿಗೆ ಓಡಾಡುವ ಚಿಕ್ಕ ಮೆಷಿನ್ ಕಟ್ಟಿ. ಅದಕ್ಕೆ ಮೊದಲು ಒಂದು ಪೆನ್ ಸಿಕ್ಕಿಸಿ. ಅದು ನೆಟ್ಟಗೆ ಬರೆಯಲು ಕಲಿತ ಮೇಲೆ ಪೆನ್ ತೆಗೆದು ಮರ ಕೊರೆಯುವ ಕಟರ್ ಹಾಕಿ. ಪೆನ್ ತಪ್ಪಿದರೆ ಒಂದು ಹಾಳೆ ಹೋಗುತ್ತದೆ, ಅಷ್ಟೇ. ಕಟರ್ ತಪ್ಪಿದರೆ ಬಿಟ್ (ಮರ ಕೊರೆಯುವ ಅಲಗು) ಮುರಿಯುತ್ತದೆ, ಮರದ ತುಂಡು ಮುಖಕ್ಕೆ ಹಾರುತ್ತದೆ. ಎರಡಕ್ಕೂ ಕಾರಣ ಒಂದೇ ದೋಷ ಇರಬಹುದು. ಪೆನ್ ಅದನ್ನು ಹಾಳೆಯ ಮೇಲೆ ಬರೆದು ತೋರಿಸುತ್ತದೆ, ಕಟರ್ ಬರೀ ಶಬ್ದ ಮಾಡುತ್ತದೆ.

ಹಾಗಾದರೆ ಮೊದಲೇ 3ಡಿ ಪ್ರಿಂಟರ್ ಕಟ್ಟಬಾರದಾ? ಕಟ್ಟಬಹುದು. ಓಡಾಟದ ಭಾಗ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಆದರೆ ಪ್ರಿಂಟರ್‌ನಲ್ಲಿ ಬಿಸಿ ಮಾಡುವ ತಲೆನೋವು ಜೊತೆಗೆ ಸೇರುತ್ತದೆ. ಏನಾದರೂ ಕೆಟ್ಟರೆ ತಪ್ಪು ಫ್ರೇಮಿನದೋ, ಬಿಸಿಯದೋ, ಪ್ಲಾಸ್ಟಿಕ್ಕಿನದೋ ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ. ಲೇಸರ್ ಅಂತೂ ಮೊದಲ ಮೆಷಿನ್ ಆಗಬಾರದು. ಅದರ ಬೆಳಕು ರೆಪ್ಪೆ ಮಿಟುಕಿಸುವಷ್ಟರಲ್ಲಿ ಕಣ್ಣು ಸುಡಬಲ್ಲದು.

ಕೆಲವು ಪದಗಳನ್ನು ಮೊದಲೇ ಬಿಡಿಸಿ ಹೇಳುತ್ತೇನೆ. ಸಿಎನ್‌ಸಿ ಅಂದರೆ ಕಂಪ್ಯೂಟರ್ ಕೊಟ್ಟ ಅಂಕಿಗಳ ಪ್ರಕಾರ ಓಡುವ ಮೆಷಿನ್. ಅದು ಓಡುವ ಒಂದೊಂದು ದಿಕ್ಕಿಗೆ ಒಂದೊಂದು ಆಕ್ಸಿಸ್ ಅನ್ನುತ್ತಾರೆ. ಎಡ-ಬಲ ಎಕ್ಸ್, ಹಿಂದೆ-ಮುಂದೆ ವೈ, ಮೇಲೆ-ಕೆಳಗೆ ಜೆಡ್. ಕಟರ್ ತಿರುಗಿಸುವ ಮೋಟಾರಿಗೆ ಸ್ಪಿಂಡಲ್ ಅಂತ ಹೆಸರು. ಮೆಷಿನ್‌ಗೆ ಕೊಡುವ ಆಜ್ಞೆಗಳ ಭಾಷೆ ಜಿ-ಕೋಡ್. ಉಳಿದವನ್ನು ಬಂದಾಗ ನೋಡೋಣ.

1. ಅಳತೆ ಗೊತ್ತು ಮಾಡಿ, ಆಮೇಲೆ ಅದನ್ನು ಚಿಕ್ಕದು ಮಾಡಿ

ಹೊಸಬರ ಮೊದಲ ತಪ್ಪು ದೊಡ್ಡ ಮೆಷಿನ್ ಕಟ್ಟಲು ಹೋಗುವುದು. ಮುಂದೆ ಬೇಕಾಗಬಹುದು ಅಂತ 1 ಮೀಟರ್ ಉದ್ದ ಇಡುತ್ತಾರೆ. ಎರಡು ತುದಿಯಲ್ಲಿ ಮಾತ್ರ ಆಧಾರ ಇರುವ ರಾಡ್, ನಡುವೆ ಭಾರ ಬಿದ್ದರೆ ಎಷ್ಟು ಬಾಗುತ್ತದೆ? ಅದು ಉದ್ದದ ಘನದ ಲೆಕ್ಕದಲ್ಲಿ ಏರುತ್ತದೆ. ಉದ್ದ ಎರಡು ಪಟ್ಟಾದರೆ ಬಾಗುವುದು ಎಂಟು ಪಟ್ಟು. ಮೂರು ಪಟ್ಟಾದರೆ 27 ಪಟ್ಟು. ದಪ್ಪದ ಲೆಕ್ಕ ಇನ್ನೂ ಜೋರು, ಅದು ನಾಲ್ಕನೇ ಘಾತದಲ್ಲಿ ನಡೆಯುತ್ತದೆ. 8 ಮಿಲಿಮೀಟರ್ ರಾಡ್ ಬದಲು 12 ಮಿಲಿಮೀಟರ್ ಹಾಕಿದರೆ, ಅಷ್ಟೇ ಉದ್ದಕ್ಕೆ, ಅಷ್ಟೇ ಭಾರಕ್ಕೆ, ಬಾಗುವುದು ಸುಮಾರು ಐದರಲ್ಲಿ ಒಂದು ಪಾಲು.

ಅದಕ್ಕೇ ಮೊದಲ ಮೆಷಿನ್ 300 × 200 ಮಿಲಿಮೀಟರ್ ಕೆಲಸದ ಜಾಗ ಇರಲಿ. ಎ4 ಹಾಳೆ ಹೆಚ್ಚು ಕಡಿಮೆ ಇಡಿಯಾಗಿ ಹಿಡಿಯುತ್ತದೆ. ಜೆಡ್‌ಗೆ 50 ರಿಂದ 60 ಮಿಲಿಮೀಟರ್ ಸಾಕು. ಜೆಡ್ ಉದ್ದ ಮಾಡಿದಷ್ಟೂ ಕಟರ್ ಕೊನೆಯಲ್ಲಿ ಓಲಾಡುತ್ತದೆ.

2. ಸಾಮಾನು

ಈಗ ಬಳಸುವ ಸಾಮಾನು ಸುಲಭವಾಗಿ ಸಿಗುವುದಕ್ಕೆ ಒಂದು ಕಾರಣವಿದೆ. ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೌಯರ್ 2005ರಲ್ಲಿ ರೆಪ್‌ರ‍್ಯಾಪ್ ಅನ್ನುವ ಯೋಜನೆ ಶುರು ಮಾಡಿದರು. ತನ್ನದೇ ಭಾಗಗಳನ್ನು ತಾನೇ ಮಾಡಿಕೊಳ್ಳುವ ಪ್ರಿಂಟರ್ ಅವರ ಗುರಿ, ವಿನ್ಯಾಸ ಎಲ್ಲರಿಗೂ ಮುಕ್ತ. ಆಮೇಲೆ ಮನೆಯಲ್ಲಿ ಮೆಷಿನ್ ಕಟ್ಟುವವರೆಲ್ಲ ಅದೇ ಮೋಟಾರ್, ಅದೇ ಬೆಲ್ಟ್, ಅದೇ ಡ್ರೈವರ್ ಬಳಸತೊಡಗಿದರು. ಅದಕ್ಕೇ ಒಬ್ಬರ ಭಾಗ ಇನ್ನೊಬ್ಬರ ಮೆಷಿನ್‌ಗೆ ಹೊಂದುತ್ತದೆ. ಬೇಕಾಗುವುದು ಇಷ್ಟು:

- ನೆಮಾ 17 ಸ್ಟೆಪ್ಪರ್ ಮೋಟಾರ್ 3. ಸ್ಟೆಪ್ಪರ್ ಅಂದರೆ ಒಂದೊಂದೇ ಹೆಜ್ಜೆ ತಿರುಗುವ ಮೋಟಾರ್. ಸಾಮಾನ್ಯವಾಗಿ ಒಂದು ಸುತ್ತಿಗೆ 200 ಹೆಜ್ಜೆ. 17 ಅನ್ನುವುದು ಮುಂಭಾಗದ ಅಳತೆ ಮಾತ್ರ, 1.7 ಇಂಚು. ಶಕ್ತಿ ಎಷ್ಟು ಅಂತ ಅದು ಹೇಳುವುದಿಲ್ಲ. 40 ಮಿಲಿಮೀಟರ್ ಅಥವಾ ಹೆಚ್ಚು ಉದ್ದ ಇರುವುದನ್ನು ತಗೊಳ್ಳಿ.
- ಆರ್ಡುಯಿನೊ ಯುನೊ ಬೋರ್ಡ್, ಅದರ ಮೇಲೆ ಕೂರುವ ಸಿಎನ್‌ಸಿ ಶೀಲ್ಡ್, ಎ4988 ಅಥವಾ ಡಿಆರ್‌ವಿ8825 ಡ್ರೈವರ್ 3. ಬೋರ್ಡ್ ಕೊಡುವ ಸಣ್ಣ ಸಿಗ್ನಲ್ ನೋಡಿ ಮೋಟಾರಿಗೆ ದೊಡ್ಡ ಕರೆಂಟ್ ಬಿಡುವುದು ಡ್ರೈವರ್ ಕೆಲಸ.
- 24 ವೋಲ್ಟ್, 5 ಆಂಪಿಯರ್ ಪವರ್ ಸಪ್ಲೈ. 12 ವೋಲ್ಟ್‌ನಲ್ಲೂ ಓಡುತ್ತದೆ. ಆದರೆ 24 ಕೊಟ್ಟರೆ ಸುರುಳಿಯಲ್ಲಿ ಕರೆಂಟ್ ಬೇಗ ಏರುತ್ತದೆ, ವೇಗ ಜಾಸ್ತಿಯಾದಾಗಲೂ ಮೋಟಾರ್ ಬಲ ಬಿಡುವುದಿಲ್ಲ.
- ಫ್ರೇಮ್‌ಗೆ 2040 ಅಲ್ಯೂಮಿನಿಯಂ ಪ್ರೊಫೈಲ್, ಅಂದರೆ ಬದಿಯಲ್ಲಿ ಉದ್ದಕ್ಕೂ ಸೀಳು ಇರುವ 20 × 40 ಮಿಲಿಮೀಟರ್ ಪಟ್ಟಿ. ಓಡಾಟಕ್ಕೆ ಎಂಜಿಎನ್12 ರೈಲು ಅಥವಾ 12 ಮಿಲಿಮೀಟರ್ ರಾಡ್ ಮತ್ತು ಬೇರಿಂಗ್.
- ಟಿ8 ಲೀಡ್ ಸ್ಕ್ರೂ 3, ನಟ್ಟು, ಕಪ್ಲರ್ (ಮೋಟಾರನ್ನು ಸ್ಕ್ರೂಗೆ ಸೇರಿಸುವ ಕೊಂಡಿ), ಲಿಮಿಟ್ ಸ್ವಿಚ್ 3, ದೊಡ್ಡ ಕೆಂಪು ಎಮರ್ಜೆನ್ಸಿ ಸ್ವಿಚ್ 1.

ಕೈಗೆ ಮಲ್ಟಿಮೀಟರ್, ಅಲೆನ್ ಕೀ, ಕ್ಯಾಲಿಪರ್, ಒಳ್ಳೆಯ ಮೂಲೆಮಟ್ಟ ಬೇಕು. ಹಣ ಉಳಿಸಬೇಕು ಅಂದರೆ ಬೋರ್ಡಿನಲ್ಲಿ ಉಳಿಸಿ, ಮೂಲೆಮಟ್ಟದಲ್ಲಿ ಬೇಡ.

3. ಫ್ರೇಮ್

ಪಟ್ಟಿಗಳ ತುದಿ ನೇರವಾಗಿ ಕತ್ತರಿಸಿದೆಯಾ ನೋಡಿ. ತುದಿ ವಾರೆ ಇದ್ದರೆ ಎಷ್ಟು ಬಿಗಿದರೂ ಮೂಲೆ ನೇರ ಆಗುವುದಿಲ್ಲ. ಎದುರುಬದುರು ಬರುವ ಎರಡು ಪಟ್ಟಿಗಳನ್ನು ಒಟ್ಟಿಗೆ ನಿಲ್ಲಿಸಿ ಬೆರಳಾಡಿಸಿ. ಉದ್ದದಲ್ಲಿ ವ್ಯತ್ಯಾಸ ಇದ್ದರೆ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ.

ಚೌಕಟ್ಟು ಜೋಡಿಸುವಾಗ ಬೋಲ್ಟುಗಳನ್ನು ಮೊದಲು ಸಡಿಲವಾಗಿ ಹಾಕಿ. ಗಟ್ಟಿ, ಮಟ್ಟಸವಾದ ಜಾಗದ ಮೇಲೆ ಇಡಿ. ದಪ್ಪ ಗಾಜು ಅಥವಾ ನುಣ್ಣನೆ ಗ್ರಾನೈಟ್ ಸಿಕ್ಕರೆ ಒಳ್ಳೆಯದು. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ ಅಳತೆ ಒಂದೇ ಬರುವವರೆಗೆ ತಟ್ಟಿ ತಟ್ಟಿ ಸರಿಮಾಡಿ, ಆಮೇಲೆ ಬಿಗಿಯಿರಿ. ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಯಾಕೆಂದರೆ ಬಿಗಿಯುವಾಗ ಪಟ್ಟಿ ಸರಿಯುತ್ತದೆ. ಮೂಲೆಮಟ್ಟದ ಮೇಲೆ ನಂಬಿಕೆ ಇಲ್ಲವಾ? ಒಂದು ಪಟ್ಟಿಯಲ್ಲಿ 300, ಇನ್ನೊಂದರಲ್ಲಿ 400 ಮಿಲಿಮೀಟರ್ ಗುರುತು ಮಾಡಿ. ಗುರುತಿನಿಂದ ಗುರುತಿಗೆ ಸರಿಯಾಗಿ 500 ಬಂದರೆ ಮೂಲೆ ನೇರ.

ಮುಂದಿನ ಪರೀಕ್ಷೆ ಮುಖ್ಯ. ಮೋಟಾರ್, ಸ್ಕ್ರೂ ಯಾವುದನ್ನೂ ಹಾಕದೆ ಬರೀ ರೈಲಿನ ಮೇಲೆ ಗಾಡಿಯನ್ನು (ರೈಲು ಹಿಡಿದು ಓಡಾಡುವ ಭಾಗ) ಒಂದು ಬೆರಳಿನಿಂದ ತಳ್ಳಿ. ಈ ತುದಿಯಿಂದ ಆ ತುದಿಗೆ ಒಂದೇ ಸಮ ಹೋಗಬೇಕು. ಒಂದು ಕಡೆ ಸಲೀಸು, ಇನ್ನೊಂದು ಕಡೆ ಬಿಗಿ ಅಂದರೆ ಎರಡು ರೈಲುಗಳ ನಡುವಿನ ಅಂತರ ಒಂದೇ ಇಲ್ಲ. "ಮೋಟಾರ್ ಹಾಕಿದ ಮೇಲೆ ಅದೇ ಎಳ್ಕೊಂಡು ಹೋಗುತ್ತೆ" ಅಂತ ಮುಂದೆ ಹೋಗಬೇಡಿ. ಹೋಗುವುದಿಲ್ಲ. ಬಿಗಿ ಇರುವ ಜಾಗದಲ್ಲೇ ಮೋಟಾರ್ ಹೆಜ್ಜೆ ತಪ್ಪುತ್ತದೆ. ಒಂದು ರೈಲನ್ನು ಗಟ್ಟಿಯಾಗಿ ಕೂರಿಸಿ, ಇನ್ನೊಂದನ್ನು ಸಡಿಲ ಬಿಟ್ಟು, ಗಾಡಿಯನ್ನು ಒಂದು ತುದಿಗೆ ತಂದು ಆ ತುದಿಯ ಸ್ಕ್ರೂ ಬಿಗಿಯಿರಿ. ಮತ್ತೆ ಇನ್ನೊಂದು ತುದಿಗೆ ತಳ್ಳಿ ಅಲ್ಲಿಯದನ್ನು ಬಿಗಿಯಿರಿ. ಅಂತರವನ್ನು ಗಾಡಿಯೇ ಸರಿಮಾಡಿಕೊಳ್ಳುತ್ತದೆ.

ಈ ಒಂದು ಹಂತಕ್ಕೆ ಎರಡು ದಿನ ಹಿಡಿದರೂ ಪರವಾಗಿಲ್ಲ.

4. ಸ್ಕ್ರೂ ಮತ್ತು ಲೆಕ್ಕ

ಗಾಡಿಯನ್ನು ಎಳೆಯಲು ಬೆಲ್ಟ್ ಅಥವಾ ಸ್ಕ್ರೂ ಬಳಸಬಹುದು. ಬೆಲ್ಟ್ ವೇಗ, ಹಗುರ, ಆದರೆ ಕಟರ್ ಒತ್ತಿದಾಗ ಸ್ವಲ್ಪ ಜಗ್ಗುತ್ತದೆ. ಚಿಕ್ಕ ಮೆಷಿನ್‌ಗೆ ಸ್ಕ್ರೂ ನನ್ನ ಆಯ್ಕೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ಪಿಚ್ ಬೇರೆ, ಲೀಡ್ ಬೇರೆ. ಪಿಚ್ ಅಂದರೆ ಪಕ್ಕಪಕ್ಕದ ಎರಡು ಎಳೆಗಳ ಅಂತರ. ಲೀಡ್ ಅಂದರೆ ಸ್ಕ್ರೂ ಒಂದು ಸುತ್ತು ತಿರುಗಿದಾಗ ನಟ್ಟು ಮುಂದೆ ಹೋಗುವ ದೂರ. ಟಿ8 ಸ್ಕ್ರೂಗಳಲ್ಲಿ ಹಲವಕ್ಕೆ ನಾಲ್ಕು ಎಳೆಗಳು ಒಟ್ಟಿಗೆ ಸುತ್ತಿಕೊಂಡಿರುತ್ತವೆ. ಅದರ ಪಿಚ್ 2, ಲೀಡ್ 8 ಮಿಲಿಮೀಟರ್. ಕ್ಯಾಲಿಪರ್‌ನಲ್ಲಿ ಅಳೆದರೆ, ಲೀಡ್ 2 ಇರುವ ಒಂದೇ ಎಳೆಯದೂ, ನಾಲ್ಕು ಎಳೆಯದೂ 2 ಅಂತಲೇ ತೋರಿಸುತ್ತದೆ. ಕೈಯಲ್ಲಿ ಒಂದು ಸುತ್ತು ತಿರುಗಿಸಿ ನಟ್ಟು ಎಷ್ಟು ಸರಿಯಿತು ಅಂತ ನೋಡಿ. ಲೀಡ್ ಅಂದರೆ ಅದೇ.

ಎಕ್ಸ್, ವೈ ಎರಡಕ್ಕೂ 8 ಮಿಲಿಮೀಟರ್ ಲೀಡ್ ಹಾಕಿ. ಜೆಡ್‌ಗೆ 2 ಮಿಲಿಮೀಟರ್ ಲೀಡ್ ವಾಸಿ. 8ರದ್ದು ಹಾಕಿದರೆ ಕರೆಂಟ್ ಹೋದ ಕೂಡಲೇ ಸ್ಪಿಂಡಲ್ ಭಾರಕ್ಕೆ ಸ್ಕ್ರೂ ತಾನೇ ತಿರುಗಿ ಕಟರ್ ಕೆಳಗೆ ಜಾರುತ್ತದೆ. 2ರದ್ದು ಹಾಗೆ ಜಾರುವುದಿಲ್ಲ.

ಈಗ ಲೆಕ್ಕ. ಡ್ರೈವರ್ ಒಂದೊಂದು ಹೆಜ್ಜೆಯನ್ನೂ ಚೂರು ಮಾಡಬಲ್ಲದು, ಅದಕ್ಕೆ ಮೈಕ್ರೊಸ್ಟೆಪ್ ಅನ್ನುತ್ತಾರೆ. 16 ಚೂರು ಮಾಡಿದರೆ ಒಂದು ಸುತ್ತಿಗೆ 200 × 16 = 3200. ಅದನ್ನು ಲೀಡ್‌ನಿಂದ ಭಾಗಿಸಿ. 8 ಮಿಲಿಮೀಟರ್ ಲೀಡ್‌ಗೆ ಒಂದು ಮಿಲಿಮೀಟರಿಗೆ 400 ಹೆಜ್ಜೆ, 2 ಮಿಲಿಮೀಟರ್ ಲೀಡ್‌ಗೆ 1600. ಬೆಲ್ಟ್ ಹಾಕಿದವರಿಗೆ: ಜಿಟಿ2 ಬೆಲ್ಟಿನ ಹಲ್ಲುಗಳ ಅಂತರ 2 ಮಿಲಿಮೀಟರ್. 20 ಹಲ್ಲಿನ ಪುಲ್ಲಿ ಒಂದು ಸುತ್ತಿಗೆ 40 ಮಿಲಿಮೀಟರ್ ಎಳೆಯುತ್ತದೆ. 3200 ಭಾಗಿಸು 40, ಅಂದರೆ 80. ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಿ.

ಮೈಕ್ರೊಸ್ಟೆಪ್ ಜಾಸ್ತಿ ಮಾಡಿದರೆ ನಿಖರತೆ ಅಷ್ಟೇ ಏರುತ್ತದೆ ಅಂದುಕೊಳ್ಳಬೇಡಿ. ಓಟ ನುಣುಪಾಗುತ್ತದೆ, ಶಬ್ದ ಕಡಿಮೆಯಾಗುತ್ತದೆ, ಅಷ್ಟೇ. ಜೊತೆಗೆ ಒಂದು ಮಿತಿಯೂ ಇದೆ. ಯುನೊ ಬೋರ್ಡ್ ಸೆಕೆಂಡಿಗೆ ಸುಮಾರು 30,000 ಹೆಜ್ಜೆ ಕಳಿಸಬಲ್ಲದು. 1600 ಹೆಜ್ಜೆಯ ಜೆಡ್‌ಗೆ ಅದು ನಿಮಿಷಕ್ಕೆ 1125 ಮಿಲಿಮೀಟರ್ ವೇಗ. ಜೆಡ್‌ಗೆ ಸಾಕು. ಎಕ್ಸ್, ವೈಗೂ ಹೀಗೇ ಮಾಡಿದ್ದರೆ ಮೆಷಿನ್ ಆಮೆಯಾಗುತ್ತಿತ್ತು.

5. ವೈರಿಂಗ್

ಕರೆಂಟ್ ಪೂರ್ತಿ ಆಫ್ ಇರಲಿ. ಡ್ರೈವರ್ ಕೂರಿಸುವ ಮೊದಲು ಅದರ ಕೆಳಗಿರುವ ಜಂಪರ್ (ಎರಡು ಪಿನ್ ಕೂಡಿಸುವ ಪುಟ್ಟ ಟೋಪಿ) ಹಾಕಿ, ಆಮೇಲೆ ಕೈ ಹೋಗುವುದಿಲ್ಲ. ಎ4988ಕ್ಕೆ ಮೂರೂ ಜಂಪರ್ ಹಾಕಿದರೆ 16 ಚೂರು. ಡಿಆರ್‌ವಿ8825ಕ್ಕೆ ಮೂರೂ ಹಾಕಿದರೆ 32, ಆಗ ಮೇಲಿನ ಲೆಕ್ಕ ಎರಡರಿಂದ ಗುಣಿಸಿಕೊಳ್ಳಬೇಕು.

ಡ್ರೈವರ್‌ಗೆ ತಲೆ-ಬಾಲ ಇದೆ. ಅದರ ಮೇಲಿನ "ಎನೇಬಲ್" ಪಿನ್ ಮತ್ತು ಶೀಲ್ಡಿನ ಮೇಲಿನ ಅದೇ ಗುರುತು ಒಂದೇ ಕಡೆ ಬರಬೇಕು. ಸಣ್ಣ ತಿರುಪು ಎಲ್ಲಿದೆ ಅಂತ ನೋಡಿ ಕೂರಿಸಬೇಡಿ, ಎರಡು ಬಗೆಯ ಡ್ರೈವರ್‌ನಲ್ಲಿ ಅದು ಬೇರೆ ಬೇರೆ ತುದಿಯಲ್ಲಿರುತ್ತದೆ. ಉಲ್ಟಾ ಹಾಕಿ ಕರೆಂಟ್ ಕೊಟ್ಟರೆ ಹೊಗೆ ಬರುತ್ತದೆ, ಡ್ರೈವರ್ ಮುಗಿಯಿತು.

ಮೋಟಾರಿನ ನಾಲ್ಕು ವೈರಿನಲ್ಲಿ ಎರಡು ಸುರುಳಿ ಇವೆ. ಯಾವುದಕ್ಕೆ ಯಾವುದು ಜೋಡಿ? ಬಣ್ಣ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಎರಡು ವೈರುಗಳ ತುದಿ ತಾಗಿಸಿ ಶಾಫ್ಟ್ ತಿರುಗಿಸಿ. ಬಿಗಿಯಾದರೆ ಅವೆರಡು ಜೋಡಿ. ಸಲೀಸಾಗಿ ತಿರುಗಿದರೆ ಇನ್ನೊಂದು ವೈರು ನೋಡಿ. ಜೋಡಿ ತಪ್ಪಿದರೆ ಮೋಟಾರ್ ತಿರುಗದೆ ನಿಂತಲ್ಲೇ ಗುರ್ ಅಂತ ನಡುಗುತ್ತದೆ.

ಮುಂದೆ ಕರೆಂಟ್ ಮಿತಿ, ಅದನ್ನು ಡ್ರೈವರ್ ಮೇಲಿನ ಆ ಸಣ್ಣ ತಿರುಪಿನಿಂದ ಇಡುವುದು. ಎ4988ರ ಮೇಲೆ ಎರಡು ಪುಟ್ಟ ರೆಸಿಸ್ಟರ್ ಇರುತ್ತವೆ. ಅವುಗಳ ಮೇಲೆ ಆರ್100 ಅಂತ ಇದ್ದರೆ 0.1 ಓಮ್, ಆರ್050 ಇದ್ದರೆ 0.05 ಓಮ್. ಸೂತ್ರ ಇಷ್ಟೇ: ತಿರುಪಿನ ಮೇಲೆ ಸಿಗಬೇಕಾದ ವೋಲ್ಟೇಜ್ = 8 × ಬೇಕಾದ ಕರೆಂಟ್ × ಆ ಓಮ್. 1 ಆಂಪಿಯರ್ ಬೇಕು, ರೆಸಿಸ್ಟರ್ 0.1 ಅಂದರೆ 0.8 ವೋಲ್ಟ್. 0.05 ಇದ್ದರೆ 0.4. ರೆಸಿಸ್ಟರ್ ನೋಡದೆ ಬೇರೆಯವರ ಅಂಕಿಯನ್ನು ನಕಲು ಮಾಡಿದರೆ ಕರೆಂಟ್ ಎರಡು ಪಟ್ಟಾಗಿಬಿಡಬಹುದು. ಡಿಆರ್‌ವಿ8825ರಲ್ಲಿ ಲೆಕ್ಕ ಸುಲಭ, 0.5 ವೋಲ್ಟ್‌ಗೆ 1 ಆಂಪಿಯರ್. ಎ4988ಕ್ಕೆ ಹೀಟ್ ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು), ಸಣ್ಣ ಫ್ಯಾನ್ ಇರಲಿ.

ಇದೊಂದನ್ನು ಗೋಡೆಗೆ ಬರೆದು ಅಂಟಿಸಿ: ಕರೆಂಟ್ ಇರುವಾಗ ಮೋಟಾರ್ ವೈರು ಕೀಳಬೇಡಿ, ಸಿಕ್ಕಿಸಬೇಡಿ. ಡ್ರೈವರ್ ಸಾಯುತ್ತದೆ.

ಲಿಮಿಟ್ ಸ್ವಿಚ್ ಅಂದರೆ ಗಾಡಿ ತುದಿ ಮುಟ್ಟಿದಾಗ ಹೇಳುವ ಸ್ವಿಚ್. ಅದರಲ್ಲಿ ಮೂರು ಕಾಲು ಇರುತ್ತವೆ. ಒತ್ತದಿದ್ದಾಗ ಕೂಡಿಕೊಂಡೇ ಇರುವ ಎರಡು ಕಾಲುಗಳನ್ನು ಬಳಸಿ. ಹೀಗಿದ್ದರೆ ವೈರು ತುಂಡಾದರೂ ಮೆಷಿನ್ ನಿಲ್ಲುತ್ತದೆ. ಇನ್ನೊಂದು ರೀತಿಯಲ್ಲಿ ಹಾಕಿದರೆ ವೈರು ತುಂಡಾಗಿದ್ದು ಗೊತ್ತಾಗುವುದು ಗಾಡಿ ಗುದ್ದಿದ ಮೇಲೆ. ಸ್ವಿಚ್ಚಿನ ವೈರುಗಳನ್ನು ಮೋಟಾರ್, ಸ್ಪಿಂಡಲ್ ವೈರುಗಳ ಜೊತೆ ಕಟ್ಟಬೇಡಿ. ನೋಡಲು ಚಂದ ಅಂತ ನಾನು ಎಲ್ಲವನ್ನೂ ಒಂದೇ ಕಂತೆ ಮಾಡಿದ್ದೆ, ಮೆಷಿನ್ ನಡುನಡುವೆ ಸುಮ್‌ಸುಮ್ನೆ ನಿಲ್ಲುತ್ತಿತ್ತು. ಕಾರಣ ಹುಡುಕಲು ಎರಡು ಸಂಜೆ ಹೋಯಿತು.

ಇನ್ನೊಂದು ಹಳೆಯ ಗೊಂದಲ: ಹಲವು ಶೀಲ್ಡ್‌ಗಳ ಮೇಲೆ ಜೆಡ್ ಲಿಮಿಟ್ ಮತ್ತು ಸ್ಪಿಂಡಲ್ ಗುರುತುಗಳು ಹಳೆಯ ಲೆಕ್ಕದಲ್ಲೇ ಉಳಿದಿವೆ. ಈಗಿನ ಜಿಆರ್‌ಬಿಎಲ್‌ನಲ್ಲಿ (ಬೋರ್ಡಿನೊಳಗೆ ಓಡುವ ಪ್ರೋಗ್ರಾಂ, ಮುಂದಿನ ಹಂತದಲ್ಲಿ ಬರುತ್ತದೆ) ಜೆಡ್ ಲಿಮಿಟ್ 12ನೇ ಪಿನ್, ಸ್ಪಿಂಡಲ್ ವೇಗ 11ನೇ ಪಿನ್. ಜೆಡ್ ಸ್ವಿಚ್ ಕೆಲಸ ಮಾಡುತ್ತಿಲ್ಲ ಅಂದರೆ ಮೊದಲು ಇದನ್ನು ನೋಡಿ.

ಪವರ್ ಸಪ್ಲೈಗೆ ಬರುವ ಮನೆಯ ಕರೆಂಟ್ ಆಟದ ವಸ್ತುವಲ್ಲ. ಅದರ ಅರ್ಥ್ ವೈರು ಮತ್ತು ಮೆಷಿನ್ನಿನ ಲೋಹದ ಫ್ರೇಮ್ ಎರಡನ್ನೂ ಅರ್ಥ್‌ಗೆ ಸೇರಿಸಿ. ತೆರೆದ ತುದಿಗಳನ್ನು ಮುಚ್ಚಿ. ಗೊತ್ತಿಲ್ಲದಿದ್ದರೆ ಈ ಭಾಗವನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಎಮರ್ಜೆನ್ಸಿ ಸ್ವಿಚ್ ಮೋಟಾರ್ ಮತ್ತು ಸ್ಪಿಂಡಲ್ ಎರಡರ ಕರೆಂಟನ್ನೂ ನೇರವಾಗಿ ಕಡಿಯಬೇಕು. ಕಂಪ್ಯೂಟರ್ ಪರದೆಯ ಮೇಲಿನ ಸ್ಟಾಪ್ ಬಟನ್ ಲೆಕ್ಕಕ್ಕಿಲ್ಲ, ಕಂಪ್ಯೂಟರ್ ತೂಕಡಿಸಿದರೆ ಅದೂ ತೂಕಡಿಸುತ್ತದೆ.

6. ಬೋರ್ಡಿಗೆ ಬುದ್ಧಿ ತುಂಬುವುದು

ಬೋರ್ಡಿನೊಳಗೆ ಕೂತು ಜಿ-ಕೋಡ್ ಓದಿ ಮೋಟಾರ್ ಓಡಿಸುವ ಪ್ರೋಗ್ರಾಂಗೆ ಫರ್ಮ್‌ವೇರ್ ಅನ್ನುತ್ತಾರೆ. ನಾವು ಬಳಸುವುದು ಜಿಆರ್‌ಬಿಎಲ್. ಬಾಯಲ್ಲಿ "ಜರ್ಬಿಲ್" ಅನ್ನುತ್ತಾರೆ. 2009ರಿಂದ ಇರುವ ಮುಕ್ತ ತಂತ್ರಾಂಶ ಇದು, ಯುನೊದ 32 ಕಿಲೋಬೈಟ್ ಜಾಗದಲ್ಲಿ ಪೂರ್ತಿ ಹಿಡಿಸುತ್ತದೆ. ಮುಂದೆ ವೈಫೈ, ಜಾಸ್ತಿ ಆಕ್ಸಿಸ್ ಬೇಕೆನಿಸಿದರೆ ಇಎಸ್‌ಪಿ32 ಬೋರ್ಡಿನ ಮೇಲೆ ಫ್ಲೂಯಿಡ್‌ಎನ್‌ಸಿ ಇದೆ. ಕಲಿಯಲು ಯುನೊ ಸಾಕು.

ಡೌನ್‌ಲೋಡ್ ಆದ ಫೋಲ್ಡರ್ ಒಳಗೆ "ಜಿಆರ್‌ಬಿಎಲ್" ಅಂತಲೇ ಇನ್ನೊಂದು ಫೋಲ್ಡರ್ ಇದೆ. ಆರ್ಡುಯಿನೊ ತಂತ್ರಾಂಶಕ್ಕೆ ಲೈಬ್ರರಿಯಾಗಿ ಸೇರಿಸಬೇಕಾದ್ದು ಆ ಒಳಗಿನದು, ಹೊರಗಿನದಲ್ಲ. ಆಮೇಲೆ ಉದಾಹರಣೆಗಳ ಪಟ್ಟಿಯಲ್ಲಿರುವ ಅಪ್‌ಲೋಡ್ ಕಡತ ತೆರೆದು ಬೋರ್ಡಿಗೆ ಕಳಿಸಿ. ಕಂಪ್ಯೂಟರಿನಿಂದ ಬೋರ್ಡನ್ನು ಮಾತಾಡಿಸಲು ಯುನಿವರ್ಸಲ್ ಜಿಕೋಡ್ ಸೆಂಡರ್ ಅನ್ನುವ ತಂತ್ರಾಂಶ ಹಾಕಿಕೊಳ್ಳಿ, ವೇಗ 115200 ಇಡಿ.

$$ ಅಂತ ಕಳಿಸಿದರೆ ಎಲ್ಲ ಸೆಟ್ಟಿಂಗ್ ಪಟ್ಟಿಯಾಗಿ ಬರುತ್ತದೆ. ಶುರುವಿಗೆ ಇಷ್ಟು ಬದಲಿಸಿ:

- $100, $101, $102: ಎಕ್ಸ್, ವೈ, ಜೆಡ್‌ಗೆ ಒಂದು ಮಿಲಿಮೀಟರಿನ ಹೆಜ್ಜೆ. ನಮ್ಮ ಲೆಕ್ಕದಲ್ಲಿ 400, 400, 1600.
- $110ರಿಂದ $112: ಗರಿಷ್ಠ ವೇಗ, ನಿಮಿಷಕ್ಕೆ ಮಿಲಿಮೀಟರ್. ಎಕ್ಸ್, ವೈ 1000, ಜೆಡ್ 300ರಿಂದ ಶುರು ಮಾಡಿ.
- $120ರಿಂದ $122: ವೇಗ ಏರುವ ರಭಸ. 30 ಸಾಕು.
- $1 = 255: ನಿಂತಾಗಲೂ ಮೋಟಾರ್ ಹಿಡಿತ ಬಿಡದ ಹಾಗೆ.
- $5 = 1: ನಾವು ಸ್ವಿಚ್ಚನ್ನು ಕೂಡಿಕೊಂಡ ಕಾಲುಗಳಿಗೆ ಹಾಕಿದ್ದರಿಂದ.

ಹೋಮಿಂಗ್, ಅಂದರೆ ಮೆಷಿನ್ ತಾನೇ ಹೋಗಿ ಸ್ವಿಚ್ ಮುಟ್ಟಿ ತನ್ನ ಜಾಗ ತಿಳಿದುಕೊಳ್ಳುವುದು, $22ರಲ್ಲಿದೆ. ದಿಕ್ಕುಗಳು ಸರಿ ಇವೆ ಅಂತ ಖಾತ್ರಿ ಆಗುವವರೆಗೆ ಅದನ್ನು ಶುರು ಮಾಡಬೇಡಿ. ಮೊದಲ ಸಲ ಮಾಡುವಾಗ ಗಾಡಿ ನಡುವೆ ಇರುವಾಗಲೇ ಕೈಯಿಂದ ಸ್ವಿಚ್ ಒತ್ತಿ ನೋಡಿ, ಇನ್ನೊಂದು ಕೈ ಕೆಂಪು ಸ್ವಿಚ್ಚಿನ ಮೇಲಿರಲಿ. ಹೋಮಿಂಗ್ ಆದ ಮೇಲೆ ಅಂಕಿಗಳೆಲ್ಲ ಮೈನಸ್ ಬಂದರೆ ಗಾಬರಿ ಬೇಡ. ಜಿಆರ್‌ಬಿಎಲ್ ಮೂಲೆಯನ್ನು ಸೊನ್ನೆ ಅಂದುಕೊಂಡು ಉಳಿದ ಜಾಗವನ್ನು ಮೈನಸ್‌ನಲ್ಲಿ ಎಣಿಸುತ್ತದೆ. ನಿಮ್ಮ ಕೆಲಸದ ಸೊನ್ನೆಯನ್ನು ಸೆಂಡರ್‌ನಲ್ಲಿ ಬೇರೆಯಾಗಿ ಇಟ್ಟುಕೊಳ್ಳಬಹುದು.

7. ಪೆನ್ ಸಿಕ್ಕಿಸಿ

ಪೆನ್ನನ್ನು ಗಟ್ಟಿಯಾಗಿ ಕಟ್ಟಬೇಡಿ. ಮೇಲೆ ಕೆಳಗೆ ಒಂದೆರಡು ಮಿಲಿಮೀಟರ್ ಜಾರುವ ಹಾಗಿರಲಿ, ಮೇಲಿಂದ ಸಣ್ಣ ಸ್ಪ್ರಿಂಗ್ ಒತ್ತಲಿ. ಪಕ್ಕಕ್ಕೆ ಮಾತ್ರ ಅಲುಗಬಾರದು. ಪೆನ್ನೇ ಅಲುಗಿದರೆ ಮುಂದಿನ ಎಲ್ಲ ಪರೀಕ್ಷೆ ದಂಡ.

ದಿಕ್ಕು ನೋಡಿ. ಎಕ್ಸ್ ಪ್ಲಸ್ ಅಂದರೆ ಪೆನ್ ಬಲಕ್ಕೆ, ವೈ ಪ್ಲಸ್ ಅಂದರೆ ಪೆನ್ ನಿಮ್ಮಿಂದ ದೂರ, ಜೆಡ್ ಪ್ಲಸ್ ಅಂದರೆ ಮೇಲೆ. ಹಲಗೆಯೇ ಓಡಾಡುವ ಮೆಷಿನ್ ಆದರೆ ವೈ ಪ್ಲಸ್ ಕೊಟ್ಟಾಗ ಹಲಗೆ ನಿಮ್ಮ ಕಡೆಗೆ ಬರಬೇಕು. ಲೆಕ್ಕ ಯಾವಾಗಲೂ ಹಲಗೆಯ ಮೇಲೆ ಪೆನ್ ಎಲ್ಲಿ ಹೋಯಿತು ಅನ್ನುವುದು. ಇದು ತಪ್ಪಿದರೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತದೆ. ಸರಿಮಾಡಲು $3 ಬಳಸಿ: ಎಕ್ಸ್‌ಗೆ 1, ವೈಗೆ 2, ಜೆಡ್‌ಗೆ 4. ಉಲ್ಟಾ ಆಗಬೇಕಾದವನ್ನು ಕೂಡಿಸಿ ಹಾಕಿ.

ಜಿ-ಕೋಡ್‌ನಲ್ಲಿ ಸದ್ಯಕ್ಕೆ ಇಷ್ಟು ಗೊತ್ತಿದ್ದರೆ ಸಾಕು. ಜಿ21 ಅಂದರೆ ಅಳತೆ ಮಿಲಿಮೀಟರಿನಲ್ಲಿ. ಜಿ90 ಅಂದರೆ ದೂರಗಳೆಲ್ಲ ಸೊನ್ನೆಯಿಂದ. ಜಿ0 ವೇಗದ ಓಟ, ಜಿ1 ಕೆಲಸದ ಓಟ. ಎಫ್ ಅಂದರೆ ವೇಗ, ನಿಮಿಷಕ್ಕೆ, ಸೆಕೆಂಡಿಗಲ್ಲ. ಓದಲು ಸುಲಭ ಅಂತ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಮೆಷಿನ್‌ಗೆ ಇಂಗ್ಲಿಷ್ ಅಕ್ಷರದಲ್ಲೇ ಕೊಡಬೇಕು. ಚಿತ್ರ 25 ಪಟ್ಟು ದೊಡ್ಡದೋ ಚಿಕ್ಕದೋ ಆಗಿ ಬಂದರೆ ಎಲ್ಲೋ ಇಂಚು ನುಸುಳಿದೆ.

ಚಿತ್ರ ಬರೆದು ಜಿ-ಕೋಡ್ ಮಾಡಲು ಇಂಕ್‌ಸ್ಕೇಪ್ ಅನ್ನುವ ತಂತ್ರಾಂಶ ಸಾಕು. ಅಕ್ಷರ ಬರೆಸುವುದಾದರೆ ಅದನ್ನು ಮೊದಲು ಪಾಥ್ (ಬರೀ ಗೆರೆ) ಆಗಿ ಬದಲಿಸಿ, ಇಲ್ಲದಿದ್ದರೆ ಏನೂ ಬರುವುದಿಲ್ಲ. ಬದಲಿಸಿದ ಮೇಲೂ ಅಕ್ಷರದ ಅಂಚು ಮಾತ್ರ ಬರುತ್ತದೆ, ಒಳಗೆ ಖಾಲಿ ಇರುತ್ತದೆ. ಅದು ತಪ್ಪಲ್ಲ.

8. ಹಾಳೆ ಓದುವುದು

ಈ ಲೇಖನ ಬರೆದಿದ್ದೇ ಈ ಹಂತಕ್ಕಾಗಿ. ನಾಲ್ಕು ಪರೀಕ್ಷೆ ಮಾಡಿ.

ಮೊದಲು ಉದ್ದ. 150 ಮಿಲಿಮೀಟರ್ ಗೆರೆ ಎಳೆಸಿ ಅಳೆಯಿರಿ. ಪೂರ್ತಿ ಲೆಕ್ಕ ತಪ್ಪಿದ್ದರೆ ಅಂಕಿಯೇ ಹೇಳುತ್ತದೆ. ಕಾಲು ಭಾಗ ಮಾತ್ರ ಬಂದರೆ, ಲೀಡ್ 8 ಅಂದುಕೊಂಡಿದ್ದು ನಿಜಕ್ಕೂ 2. ಎರಡು ಪಟ್ಟು ಬಂದರೆ ಒಂದು ಜಂಪರ್ ಕೂತಿಲ್ಲ, 16ರ ಬದಲು 8 ಚೂರು ಆಗುತ್ತಿದೆ. ಬೆಲ್ಟ್ ಮೆಷಿನ್‌ನಲ್ಲಿ ಐದರಲ್ಲಿ ನಾಲ್ಕು ಪಾಲು ಬಂದರೆ ಪುಲ್ಲಿಗೆ ಹಲ್ಲು 20 ಅಲ್ಲ, 16. ಇವುಗಳಲ್ಲಿ ಯಾವುದೂ ಅಲ್ಲದೆ 2-3 ಮಿಲಿಮೀಟರ್ ಕಡಿಮೆ ಬಂದರೆ ಏನು? $100 ಅಂಕಿ ತಿದ್ದಿಬಿಡೋಣ ಅಂತ ಎಲ್ಲರಿಗೂ ಆಸೆ ಆಗುತ್ತದೆ. ತಿದ್ದಬೇಡಿ. ಸ್ಕ್ರೂವಿನ ಲೀಡ್ ಅಷ್ಟೊಂದು ತಪ್ಪುವುದಿಲ್ಲ. ಕಪ್ಲರ್‌ನ ಸಣ್ಣ ತಿರುಪು ಜಾರುತ್ತಿದೆ, ಅಥವಾ ಮೋಟಾರ್ ಹೆಜ್ಜೆ ತಪ್ಪುತ್ತಿದೆ. ಅಂಕಿ ತಿದ್ದಿದರೆ ರೋಗ ಮುಚ್ಚಿಹೋಗುತ್ತದೆ, ವಾಸಿ ಆಗುವುದಿಲ್ಲ.

ಎರಡನೆಯದು ಚೌಕ. 180 ಮಿಲಿಮೀಟರಿನ ಚೌಕ ಬರೆಸಿ ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಕಡೆ 254.6 ಬರಬೇಕು. ಒಂದು ಕಡೆ 1 ಮಿಲಿಮೀಟರ್ ಜಾಸ್ತಿ ಇದ್ದರೆ ಎಕ್ಸ್ ಮತ್ತು ವೈ ನಡುವಿನ ಮೂಲೆ ನೇರವಿಲ್ಲ, 180 ಮಿಲಿಮೀಟರಿಗೆ ಸುಮಾರು 0.7 ಮಿಲಿಮೀಟರ್ ವಾರೆ. ಮೂರನೇ ಹಂತಕ್ಕೆ ವಾಪಸ್ ಹೋಗಿ.

ಮೂರನೆಯದು ವೃತ್ತ. ನೂರು ಮಿಲಿಮೀಟರ್ ಅಗಲದ ವೃತ್ತ ಬರೆಸಿ ಚೆನ್ನಾಗಿ ನೋಡಿ. ಗಡಿಯಾರದ 12, 3, 6, 9ರ ಜಾಗದಲ್ಲಿ ಚಪ್ಪಟೆ ಅಥವಾ ಪುಟ್ಟ ಮೆಟ್ಟಿಲು ಕಂಡರೆ ಬ್ಯಾಕ್‌ಲ್ಯಾಶ್ ಇದೆ. ಅಂದರೆ ಗಾಡಿ ದಿಕ್ಕು ಬದಲಿಸುವಾಗ ನಟ್ಟು ಮತ್ತು ಸ್ಕ್ರೂ ನಡುವಿನ ಸಡಿಲ. ಸ್ಪ್ರಿಂಗ್ ಇರುವ ಜೋಡಿ ನಟ್ಟು ಹಾಕಿದರೆ ಕಡಿಮೆಯಾಗುತ್ತದೆ. ವೃತ್ತ ಅಡ್ಡಕ್ಕೋ ಉದ್ದಕ್ಕೋ ಮೊಟ್ಟೆಯಾದರೆ ಒಂದು ಆಕ್ಸಿಸ್‌ನ ಹೆಜ್ಜೆ ಲೆಕ್ಕ ತಪ್ಪು. ಮೊಟ್ಟೆ ಮೂಲೆಗೆ ವಾಲಿಕೊಂಡಿದ್ದರೆ ಮತ್ತೆ ಅದೇ, ಮೂಲೆ ನೇರವಿಲ್ಲ. ಮೂಲೆ ತಿರುಗಿದ ಕೂಡಲೇ ಗೆರೆ ಅಲೆ ಅಲೆಯಾದರೆ ಫ್ರೇಮ್ ಅಲುಗುತ್ತಿದೆ, ಇಲ್ಲವೇ $120ರ ಅಂಕಿ ಜಾಸ್ತಿ ಆಗಿದೆ.

ನಾಲ್ಕನೆಯದಕ್ಕೆ ತಾಳ್ಮೆ ಬೇಕು. ಒಂದು ಚುಕ್ಕಿ ಇಡಿಸಿ. ಆಮೇಲೆ 20 ನಿಮಿಷ ವೇಗವಾಗಿ ಅಡ್ಡಾದಿಡ್ಡಿ ಗೆರೆ ಹೊಡೆಸಿ. ಕೊನೆಗೆ ಅದೇ ಜಾಗದಲ್ಲಿ ಇನ್ನೊಂದು ಚುಕ್ಕಿ. ಎರಡೂ ಒಂದರ ಮೇಲೊಂದು ಕೂತರೆ ಮೆಷಿನ್ ಒಂದು ಹೆಜ್ಜೆಯನ್ನೂ ಕಳೆದುಕೊಂಡಿಲ್ಲ. ಸ್ಟೆಪ್ಪರ್ ಮೋಟಾರ್ ಹೆಜ್ಜೆ ತಪ್ಪಿದರೆ ಬೋರ್ಡಿಗೆ ಗೊತ್ತೇ ಆಗುವುದಿಲ್ಲ, ಅದಕ್ಕೇ ಈ ಪರೀಕ್ಷೆ.

ಎಲ್ಲವನ್ನೂ ಒಂದೇ ಸಲ ನೋಡಬೇಕಾ? ದೊಡ್ಡದಾಗಿ ಒಂದು "ಠ" ಬರೆಸಿ. ಸುತ್ತು, ನಡುವೆ ಚುಕ್ಕಿ, ಮೇಲೆ ತಲೆಕಟ್ಟು. ನಮ್ಮ ಅಕ್ಷರಗಳಷ್ಟು ಮೆಷಿನ್‌ನ ಬಂಡವಾಳ ಬಯಲು ಮಾಡುವ ಪರೀಕ್ಷೆ ಬೇರೆ ಇಲ್ಲ ಅಂತ ನನ್ನ ಅನಿಸಿಕೆ. ನೇರ ಗೆರೆಯ ಅಕ್ಷರಗಳಲ್ಲಿ ಅಡಗಿ ಕೂರುವ ಸಡಿಲ, ದುಂಡಗಿನ ಅಕ್ಷರದಲ್ಲಿ ಎದ್ದು ಕಾಣುತ್ತದೆ.

9. ಈಗ ಕಟರ್

ನಾಲ್ಕೂ ಪರೀಕ್ಷೆ ಸರಿಯಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಇಆರ್11 ಕಾಲೆಟ್ ಇರುವ ಚಿಕ್ಕ ಸ್ಪಿಂಡಲ್ ಹಾಕಿ. ಕಾಲೆಟ್ ಅಂದರೆ ಬಿಟ್ಟಿನ ಬುಡವನ್ನು ಸುತ್ತ ಬಿಗಿಹಿಡಿಯುವ ಸೀಳು ಕೊಳವೆ. ಅದನ್ನು ಮೊದಲು ನಟ್ಟಿನೊಳಗೆ ಟಕ್ ಅಂತ ಕೂರಿಸಿ, ಆಮೇಲೆ ಸ್ಪಿಂಡಲ್‌ಗೆ ಹಾಕಬೇಕು. ಉಲ್ಟಾ ಮಾಡಿದರೆ ಬಿಟ್ ವಾರೆಯಾಗಿ ತಿರುಗುತ್ತದೆ. ಸಾಮಾನ್ಯ ಬಿಟ್ಟುಗಳ ಬುಡ 3.175 ಮಿಲಿಮೀಟರ್, ಅಂದರೆ ಇಂಚಿನ ಎಂಟನೇ ಒಂದು ಭಾಗ. ಅದನ್ನು 3 ಮಿಲಿಮೀಟರ್ ಕಾಲೆಟ್‌ಗೆ ತುರುಕಬೇಡಿ.

ಹಲಗೆಯ ಮೇಲೆ ಒಂದು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡು ಹಾಕಿ, ಅದಕ್ಕೆ ಮರದ ತುಂಡನ್ನು ಗಟ್ಟಿಯಾಗಿ ಬಿಗಿಯಿರಿ. ಬಿಗಿದ ಕ್ಲಾಂಪ್ ಬಿಟ್ಟಿನ ದಾರಿಯಲ್ಲಿ ಬರಬಾರದು. ಜೆಡ್ ಸೊನ್ನೆ ಇಡಲು ಬಿಟ್ ಮತ್ತು ಮರದ ನಡುವೆ ತೆಳು ಹಾಳೆ ಇಟ್ಟು, ಹಾಳೆ ಎಳೆದಾಗ ಸ್ವಲ್ಪ ತಡೆಯುವವರೆಗೆ ಇಳಿಸಿ. ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಸ್ಪಿಂಡಲ್ ಆಗ ಆಫ್ ಇರಬೇಕು ಅಂತ ಬೇರೆ ಹೇಳಬೇಕಾ?

ವೇಗದ ಲೆಕ್ಕ: ನಿಮಿಷಕ್ಕೆ ಸುತ್ತು × ಬಿಟ್ಟಿನ ಅಂಚುಗಳು × ಒಂದೊಂದು ಅಂಚು ಕಚ್ಚುವ ದಪ್ಪ. 10,000 × 2 × 0.02 = ನಿಮಿಷಕ್ಕೆ 400 ಮಿಲಿಮೀಟರ್. ಮೆತ್ತನೆ ಮರದಲ್ಲಿ ಒಂದು ಸಲಕ್ಕೆ 0.5 ಮಿಲಿಮೀಟರ್ ಆಳ. ಹೆದರಿ ತೀರಾ ನಿಧಾನ ಓಡಿಸುವುದೂ ತಪ್ಪು. ಆಗ ಬಿಟ್ ಕಚ್ಚದೆ ಉಜ್ಜುತ್ತದೆ, ಬಿಸಿಯಾಗುತ್ತದೆ, ಮರ ಸುಟ್ಟ ವಾಸನೆ ಬರುತ್ತದೆ. ಹುಡಿ ಬಂದರೆ ಉಜ್ಜುತ್ತಿದೆ, ಸಣ್ಣ ಚಕ್ಕೆ ಬಂದರೆ ಕಚ್ಚುತ್ತಿದೆ.

ಮೊದಲ ಓಟ ಗಾಳಿಯಲ್ಲಿ. ಜೆಡ್ ಸೊನ್ನೆಯನ್ನು 10 ಮಿಲಿಮೀಟರ್ ಮೇಲಿಟ್ಟು, ಸ್ಪಿಂಡಲ್ ಆಫ್ ಮಾಡಿ ಪೂರ್ತಿ ಪ್ರೋಗ್ರಾಂ ಓಡಿಸಿ ನೋಡಿ. ಆಮೇಲೆ ನಿಜದ್ದು.

ಕಣ್ಣು ಕಾಯುವ ಕನ್ನಡಕ ಹಾಕದೆ ಸ್ವಿಚ್ ಮುಟ್ಟಬೇಡಿ. ಕೈಗವಸು ಬೇಡವೇ ಬೇಡ, ತಿರುಗುವ ಬಿಟ್ ಅದನ್ನು ಹಿಡಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಉದ್ದ ಕೂದಲು, ಸರ, ಸಡಿಲ ತೋಳು ಇವನ್ನೂ ನೋಡಿಕೊಳ್ಳಿ. ಎಂಡಿಎಫ್ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮಾಸ್ಕ್ ಮತ್ತು ವ್ಯಾಕ್ಯೂಮ್ ಇರಲಿ. ಮೆಷಿನ್ ಓಡುವಾಗ ಬಿಟ್ಟು ಹೋಗಬೇಡಿ, ಒಂದು ಲೋಟ ಕಾಫಿಗೂ ಸಹ.

ಎಲ್ಲ ಸರಿಹೋದ ದಿನ $$ ಕಳಿಸಿ ಬಂದ ಪಟ್ಟಿಯನ್ನು ಒಂದು ಕಡತದಲ್ಲಿ ಉಳಿಸಿ. ಬೋರ್ಡ್ ಸುಟ್ಟರೆ ಹೊಸದಕ್ಕೆ ಅದೇ ಅಂಕಿ ಹಾಕಿದರಾಯಿತು. ಕಾಗದದ ಮೇಲೂ ಒಂದು ಪ್ರತಿ ಬೇಕು, ಮೆಷಿನ್ ಪಕ್ಕದಲ್ಲಿ ಅಂಟಿಸಲು. ಕಟರ್ ತೆಗೆದು ಪೆನ್ ಸಿಕ್ಕಿಸಿ, ಅದನ್ನು ಮೆಷಿನ್ ಕೈಯಲ್ಲೇ ಬರೆಸಿ.